ದಿವಾದಲ್ಲೇ ಎದ್ದು ನಿಲ್ಲುವವರ ದೋಣಿಪ್ರಯಾಣ

ಡೊಂಬಿವಲಿಯಲ್ಲಿ ಇಳಿಯಬೇಕಾದವನು ದಿವಾದಲ್ಲೇ ಎದ್ದು ನಿಲ್ಲಬೇಕು. ದಿವಾ ಎಂದರೆ ಅದಕ್ಕಿಂತ ಎರಡು ನಿಲ್ದಾಣ ಮೊದಲಿನದು. ಇದು ನಮ್ಮ ಕಡೆಯ ಲೋಕಲ್ ರೈಲಿನ ಮೊದಲ ಪಾಠ, ಯಾರೂ ಹೇಳಿಕೊಡುವುದಿಲ್ಲ, ಎರಡು ಸಲ ಇಳಿಯಲಾಗದೆ ಮುಂದೆ ಹೋದರೆ ತಾನೇ ಬರುತ್ತದೆ. ಎದ್ದು, ಚೀಲವನ್ನು ಎದೆಗೆ ಏರಿಸಿಕೊಂಡು, ಮುಂದಿರುವವನ ಬೆನ್ನಿಗೆ 'ಡೊಂಬಿವಲೀ ಕಾ?' ಎಂದು ಕೇಳಿ, ಬಾಗಿಲ ಸಾಲಿನಲ್ಲಿ ಸೇರಿಕೊಳ್ಳಬೇಕು. ಗಾಡಿ ಇನ್ನೂ ಓಡುತ್ತಿರುವಾಗಲೇ ಒಂದು ಕಾಲು ಪ್ಲಾಟ್‌ಫಾರ್ಮಿನ ಮೇಲೆ ಇರಬೇಕು. ಗಾಡಿ ನಿಂತ ಮೇಲೆ ಇಳಿಯುತ್ತೇನೆ ಎನ್ನುವವನನ್ನು ಹತ್ತುವವರು ಒಳಕ್ಕೆ ದಬ್ಬಿಬಿಡುತ್ತಾರೆ.

ನನ್ನ ತೊಂದರೆ ಏನೆಂದರೆ, ಗಾಡಿಯಿಂದ ಇಳಿದ ಮೇಲೂ ನನಗೆ ಈ ರೋಗ ಬಿಡುವುದಿಲ್ಲ. ಸಿನಿಮಾದಲ್ಲಿ ನಾಯಕ ನಾಯಕಿ ಇನ್ನೂ ಒಂದಾಗಿರುವುದಿಲ್ಲ, ನಾನು ಎದ್ದಿರುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಮಜ್ಜಿಗೆ ಬರುವ ಮೊದಲೇ ಪಂಚೆಯ ತುದಿ ಹಿಡಿದು ಏಳಲು ತಯಾರು. ಡಾಕ್ಟರ ಬಳಿ ನನ್ನ ಮುಂದೆ ಇನ್ನೂ ಮೂವರು ಇರುವಾಗಲೇ ಬಾಗಿಲಿಗೆ ಒರಗಿ ನಿಂತಿರುತ್ತೇನೆ. ನನ್ನಾಕೆ "ದಿವಾ ಬಂತೇನು?" ಎನ್ನುತ್ತಾಳೆ. ಮಗಳು ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ಗೊತ್ತು, ಉತ್ತರ ಮಾತ್ರ ಮರಾಠಿಯಲ್ಲಿ: "ಬಾಬಾ, ದಿವಾ ಅಜೂನ್ ಆಲಂ ನಾಹೀ. ಬಸಾ!" ಇನ್ನೂ ಬಂದಿಲ್ಲ, ಕೂತ್ಕೊಳ್ಳಿ ಅಂತ.

ಈಗ ನೋಡಿ, ನನ್ನ ನಿವೃತ್ತಿಗೆ ಇನ್ನೂ ನಾಲ್ಕು ತಿಂಗಳಿದೆ. ನಾನು ಆಗಲೇ ಆಫೀಸಿನ ಡ್ರಾಯರ್ ಖಾಲಿ ಮಾಡಲು ಹೊರಟೆ. ಒಣಗಿದ ಪೆನ್ನು, ತುಕ್ಕು ಹಿಡಿದ ಪಂಚಿಂಗ್ ಮಷೀನು, ಯಾವುದೋ ಕಾಲದ ರೈಲ್ವೆ ಪಾಸಿನ ಪ್ಲಾಸ್ಟಿಕ್ ಕವರು, ಅದರ ಕೆಳಗೆ ಗೇಣುದ್ದದ ಒಂದು ನೀಲಿ ನೈಲಾನ್ ಹಗ್ಗದ ತುಂಡು. ಪ್ಯೂನ್ ಅದನ್ನು ಕಸದ ಬುಟ್ಟಿಗೆ ಹಾಕಹೋದ. "ಏ ಏ, ರೆಹನೇ ದೋ!" ಎಂದು ನಾನು ಕೂಗಿದ ರಭಸಕ್ಕೆ ಪಕ್ಕದ ಟೇಬಲ್ಲಿನವರೆಲ್ಲ ತಿರುಗಿ ನೋಡಿದರು.

ಆ ಹಗ್ಗ ಇನಾಮದಾರರನ್ನು ದೋಣಿಯಲ್ಲಿ ಠಾಣೆಗೆ ಕರೆದುಕೊಂಡು ಹೋದ ದಿನದ್ದು. ಹನ್ನೆರಡು ವರ್ಷದ ಮೇಲಾಯಿತು.

ಇನಾಮದಾರರು ಬಾಗಲಕೋಟೆಯವರು. ಠಾಣೆಯ ಒಂದು ಔಷಧ ಕಂಪನಿಯ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಡೊಂಬಿವಲಿಯಿಂದಲೇ ಹೊರಡುವ ಏಳು ಐವತ್ತಮೂರರ ಸ್ಲೋ ಗಾಡಿಯಲ್ಲಿ ನಮ್ಮದು ಎಂಟು ಜನರ ಕನ್ನಡದ ಗುಂಪು, ಅದಕ್ಕೆ ಅವರೇ ಯಜಮಾನರು. ಎಂಟು ಜನಕ್ಕೆ ಸಿಗುತ್ತಿದ್ದದ್ದು ನಾಲ್ಕು ಸೀಟು. ಡೊಂಬಿವಲಿಯಿಂದ ದಿವಾವರೆಗೆ ನಾಲ್ವರು ಕೂರಬೇಕು, ದಿವಾದಲ್ಲಿ ಅವರು ಎದ್ದು ಉಳಿದ ನಾಲ್ವರಿಗೆ ಕೊಡಬೇಕು. ಕಳವಾ ಬಂತೆಂದರೆ ಎಲ್ಲರೂ ಎದ್ದು ಬಾಗಿಲಿಗೆ. ಯಾರಿಗೆ ಯಾವ ದಿನ ಯಾವ ಪಾಳಿ ಎಂಬುದು ಇನಾಮದಾರರ ತಲೆಯಲ್ಲೇ ಇರುತ್ತಿತ್ತು. "ಮೈಸೂರಪ್ಪಾ, ಏಳ್ರಿ. ನಿಮ್ಮ ಪಾಳಿ ಮುಗೀತು" ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಮೈಸೂರಪ್ಪ ಅಂದರೆ ನಾನು.

ಮುಂಬ್ರಾ ದಾಟುವಾಗ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಿಟಕಿಯಾಚೆ ಖಾಡಿ ಕಾಣುತ್ತದೆ. ಉಲ್ಹಾಸ ನದಿಗೆ ಸಮುದ್ರದ ಉಪ್ಪುನೀರು ಬಂದು ಸೇರುವ ಹಿನ್ನೀರನ್ನು ಇಲ್ಲಿ ಖಾಡಿ ಅನ್ನುತ್ತಾರೆ. ಅಲ್ಲಿ ಯಾವಾಗಲೂ ಒಂದೆರಡು ದೋಣಿ. ಇನಾಮದಾರರು ಅದನ್ನು ನೋಡಿ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು: "ಒಂದ ದಿನಾ ಆಫೀಸಿಗೆ ಡೋಣ್ಯಾಗ ಹೋಗಬೇಕ್ ನೋಡ್ರಿ. ಯಾರ ಬೆವರೂ ಹತ್ತಂಗಿಲ್ಲ." ಅವರ ನಿವೃತ್ತಿಗೆ ಏನು ಉಡುಗೊರೆ ಕೊಡೋಣ ಎಂಬ ಚರ್ಚೆ ಬಂದಾಗ ಗೋಡೆ ಗಡಿಯಾರ ಬೇಡ, ಶಾಲು ಬೇಡ, ಅವರನ್ನು ದೋಣಿಯಲ್ಲಿ ಠಾಣೆಗೆ ಕರೆದೊಯ್ಯೋಣ, ತಳಾವ್ ಪಾಳಿಯ ಕೆರೆದಂಡೆಯಲ್ಲಿ ಊಟ ಮಾಡಿ ಸಂಜೆ ಗಾಡಿಗೆ ಹಿಂದಿರುಗೋಣ ಎಂದು ಸಲಹೆ ಕೊಟ್ಟವನು ಯಾರು? ನಾನೇ! ಬಾಯಿ ಅನ್ನುವುದು ಒಂದೊಂದು ಸಲ ಹಾಗೆ ಮಾಡಿಬಿಡುತ್ತದೆ.

ಯಾಕೆ ಹೀಗೆನ್ನುತ್ತೇನೆಂದರೆ, ನನ್ನ ಜಾತಕದಲ್ಲಿ ಜಲಗಂಡವಿದೆ. ಒಂಟಿಕೊಪ್ಪಲಿನ ನಮ್ಮ ಮನೆಯ ಜೋಯಿಸರು ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಂದಿನಿಂದ ನಮ್ಮಮ್ಮ ನನ್ನನ್ನು ಕುಕ್ಕರಹಳ್ಳಿ ಕೆರೆಯ ಕಡೆಗೆ ಮುಖ ಮಾಡಿ ಮಲಗಲೂ ಬಿಡಲಿಲ್ಲ. ಬಚ್ಚಲಲ್ಲಿ ಸ್ನಾನಕ್ಕೆ ಕೂತರೆ ಹೊರಗಿನಿಂದ ಮೂರು ಸಲ "ಇದ್ದೀಯೇನೋ?" ಎಂದು ಕೂಗುತ್ತಿದ್ದಳು. ಇದ್ದೀನಮ್ಮ ಅನ್ನುವಷ್ಟರಲ್ಲಿ ಬಾಯಿಗೆ ಸೀಗೆಪುಡಿ ಹೋಗುತ್ತಿತ್ತು. ನೀರೆಂದರೆ ಚೊಂಬಿನಲ್ಲಿರಬೇಕು ಎಂದು ನಂಬಿಕೊಂಡು ಬೆಳೆದವನು ನಾನು. ದಿನಕ್ಕೆ ಮುಕ್ಕಾಲು ಗಂಟೆ ಮಾತ್ರ ನೀರು ಬರುವ ಡೊಂಬಿವಲಿಯ ಮೂರನೇ ಮಹಡಿಗೆ ಬಂದು ಸೇರಿದಾಗ ಅಮ್ಮ ನಿಜಕ್ಕೂ ನೆಮ್ಮದಿಪಟ್ಟಳು.

ಹೊರಡುವ ಹಿಂದಿನ ಸಂಜೆ, ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಇನಾಮದಾರರ ಹೆಂಡತಿ ಶಕುಂತಲಾಬಾಯಿ ನಮ್ಮ ಮನೆಗೆ ಬಂದರು. ಹಿಂದಿನ ವರ್ಷವಷ್ಟೇ ಇನಾಮದಾರರ ಎದೆಗೆ ಡಾಕ್ಟರು ಸ್ಪ್ರಿಂಗ್ ಹಾಕಿದ್ದರು. ಆಕೆ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಮುಟ್ಟದೆ, ನೇರವಾಗಿ ವಿಷಯಕ್ಕೆ ಬಂದರು.

"ಅವರು ನನ್ನ ಮಾತ ಕೇಳಂಗಿಲ್ಲ, ಹೋಗಾವ್ರ. ನಿಮ್ಮ ಮ್ಯಾಲ ಬಿಟ್ಟೀನ್ರಿ. ಹೆಂಗ ಕರಕೊಂಡ ಹೋಗ್ತೀರಿ ಹಂಗ ತಂದು ಬಿಡ್ರಿ. ಸಂಜೀ ಆರಕ್ಕ ನಾ ಗೇಟಿನ್ಯಾಗ ನಿಂತಿರ್ತೀನಿ."

ನಾನು ಗಾಬರಿಯಾದೆ. "ಅಮ್ಮಾ, ನನಗೇ ಈಜು ಬರಲ್ಲ. ನಾನು ಬಹಳ ಪುಕ್ಕಲ. ನಮ್ಮ ಗುಂಪಿನ ಕರ್ಕೇರನಿಗೆ ಹೇಳಿ, ಅವನು ಮಲ್ಪೆಯವನು, ಸಮುದ್ರದ ಕಡೆಯವನು."

"ನೀವು ಅಂಜಬುರುಕರು ಅಂತನ ನಿಮಗ ಹೇಳಾಕ ಬಂದೀನಿ" ಅಂದರು ಆಕೆ. "ಧೈರ್ಯದವರು ಮರತುಬಿಡ್ತಾರ. ಅಂಜೂ ಮನುಷ್ಯಾ ಮರಿಯಂಗಿಲ್ಲ."

ಇಂಥ ಹೊಗಳಿಕೆಗೆ ಹೂಂ ಎನ್ನದೆ ಬೇರೆ ದಾರಿ ಇರಲಿಲ್ಲ. ಆಕೆ ಹೋದ ಮೇಲೆ ನನ್ನಾಕೆ, "ಹೂಂ ಅಂದುಬಿಟ್ರಲ್ಲ, ಆ ಮನುಷ್ಯನಿಗೆ ಏನಾದ್ರೂ ಆದ್ರೆ ಈ ಬಿಲ್ಡಿಂಗ್‌ನಲ್ಲಿ ಮುಖ ತೋರಿಸೋ ಹಾಗಿದೆಯಾ?" ಎಂದು ಕೇಳಿದಳು. ನಾನು ಅದನ್ನೇ ಯೋಚಿಸುತ್ತಿದ್ದೆ.

ಭಾನುವಾರ ಬೆಳಿಗ್ಗೆ ಡೊಂಬಿವಲಿ ಪಶ್ಚಿಮದ ರೇತಿ ಬಂದರಿಗೆ ಹೋದೆವು. ಮರಳು ತೆಗೆಯುವ ದೋಣಿಗಳು ನಿಲ್ಲುವ ಜಾಗ ಅದು. ದೋಣಿಯ ಯಜಮಾನ ನಾನಾ, ಅರವತ್ತು ದಾಟಿದ ಮೀನುಗಾರ, ಇಲ್ಲಿಯವರ ಮಾತಿನಲ್ಲಿ ಕೋಳಿ, ಬೀಡಿ ಸೇದುತ್ತ ನೀರು ನೋಡುತ್ತಾ ಕೂತಿದ್ದ. ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ನಾನು ಕೇಳಿದೆ.

"ಪಾಣೀ ಆಲಂ ಕೀ" ಅಂದ. ನೀರು ಬಂದ ಕೂಡಲೇ.

"ಅಂದರೆ ಎಷ್ಟಕ್ಕೆ? ಒಂಬತ್ತಕ್ಕೋ, ಒಂಬತ್ತು ಏಳಕ್ಕೋ?"

ನಾನಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಿಮಿಷದ ಲೆಕ್ಕದಲ್ಲಿ ಬದುಕುವ ನಮ್ಮಂಥವರಿಗೆ ಉಬ್ಬರದ ನೀರಿಗೆ ಟೈಮ್‌ಟೇಬಲ್ ಇಲ್ಲ ಎಂದು ಅರ್ಥವಾಗುವಷ್ಟರಲ್ಲಿ ಗಂಟೆ ಹತ್ತಾಯಿತು. ತೇಲುವ ಜಾಕೆಟ್ ಇದೆಯೇ ಎಂದು ಕೇಳಿದೆ. ಅವನು ಒಂದಕ್ಕೊಂದು ಕಟ್ಟಿದ ನಾಲ್ಕು ಖಾಲಿ ಎಣ್ಣೆ ಕ್ಯಾನುಗಳನ್ನು ತೋರಿಸಿದ. ಎಂಟು ಜನಕ್ಕೆ ನಾಲ್ಕು ಕ್ಯಾನು. ಇಲ್ಲೂ ಪಾಳಿಯೇ ಗತಿ ಎಂದುಕೊಂಡು ಹತ್ತಿದೆ. ಹತ್ತಿದವನೇ ಮುಂತುದಿಯಲ್ಲಿ ಬಿದ್ದಿದ್ದ ನೀಲಿ ಹಗ್ಗದ ಕೊನೆಯನ್ನು ಎರಡು ಕೈಯಲ್ಲಿ ಹಿಡಿದು ಕೂತೆ. ಅದು ದೋಣಿಯನ್ನು ದಕ್ಕೆಗೆ ಕಟ್ಟುವ ಹಗ್ಗ, ಅದನ್ನು ಹಿಡಿದುಕೊಂಡ ಮಾತ್ರಕ್ಕೆ ನಾನು ಬದುಕುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ನಾನಾ ಹೊರಡುವ ಮುಂಚೆ ಒಂದೇ ಮಾತು ಹೇಳಿದ: "ದೋರ್ ಬಾಂಧಲ್ಯಾಶಿವಾಯ್ ಕುಣೀ ಉಠಾಯ್ಚಂ ನಾಯ್." ಹಗ್ಗ ಕಟ್ಟುವವರೆಗೆ ಯಾರೂ ಏಳಬಾರದು. ನಾವು ಎಂಟೂ ಜನ ಒಳ್ಳೆಯ ಮಕ್ಕಳ ಹಾಗೆ ತಲೆಯಾಡಿಸಿದೆವು.

ದೋಣಿ ನಡುನೀರಿಗೆ ಬಂದಾಗ ನಾನು ಕರ್ಕೇರನ ಪಕ್ಕಕ್ಕೆ ಸರಿದೆ. ಏನಾದರೂ ಆದರೆ ಮೊದಲು ಇನಾಮದಾರರನ್ನು ಹಿಡಿದುಕೋ, ನನ್ನನ್ನು ಆಮೇಲೆ ನೋಡು ಎಂದು ಪಿಸುಗುಟ್ಟಿದೆ. ಅವನು ಕ್ಯಾನುಗಳನ್ನು ತಬ್ಬಿಕೊಂಡು ಕೂತಿದ್ದ.

"ನಾನು ಎಂತ ಹಿಡಿಯುದು ಮಾರಾಯ್ರೆ? ನಂಗೆ ಈಜ್ಲಿಕ್ಕೆಲ್ಲ ಬರುದಿಲ್ಲ."

"ನೀನು ಮಲ್ಪೆಯವನಲ್ವಾ?"

"ಅಪ್ಪ ಮಲ್ಪೆ. ನಾನು ಹುಟ್ಟಿದ್ದು ಡೊಂಬಿವಲಿ ಈಸ್ಟಲ್ಲಿ. ಅಪ್ಪ ಕ್ಯಾಂಟೀನ್ ಇಟ್ಟದ್ದು, ದೋಣಿ ಅಲ್ಲ. ನಾನು ದೋಣಿ ಹತ್ತಿದ್ದು ಇವತ್ತೇ ಫಸ್ಟ್."

ಮೊಬೈಲ್ ತೆಗೆದು ಶಕುಂತಲಾಬಾಯಿಗೆ ಫೋನು ಮಾಡಿ "ಚೆನ್ನಾಗಿದ್ದಾರೆ" ಅಂದೆ. ಅರ್ಧ ಗಂಟೆಗೊಂದು ಸಲ ಹಾಗೆ ಮಾಡುತ್ತಲೇ ಇದ್ದೆ. ಮೂರನೇ ಸಲಕ್ಕೆ ಆಕೆ, "ನೀವು ಹೆಂಗದೀರಿ? ದನಿ ಯಾಕ ಹಂಗ ನಡಗಾಕತ್ತೈತಿ?" ಎಂದು ಕೇಳಿದರು.

ಇನಾಮದಾರರು ಮಾತ್ರ ಆರಾಮಾಗಿದ್ದರು. ಬಿಳಿ ಅಂಗಿಯ ತೋಳು ಮಡಚಿಕೊಂಡು, ಒಂದು ಕೈಯನ್ನು ನೀರಿಗೆ ಇಳಿಬಿಟ್ಟು ಕೂತಿದ್ದರು. ಬಣ್ಣ ಸರಿಯಾಗಿದೆಯೇ, ಬೆವರುತ್ತಿದ್ದಾರೆಯೇ, ಎದೆ ಮುಟ್ಟಿಕೊಳ್ಳುತ್ತಿದ್ದಾರೆಯೇ ಎಂದು ನಾನು ಅವರನ್ನೇ ನೋಡುತ್ತಿದ್ದೆ, ಹಾಗಾಗಿ ಆ ಖಾಡಿಯ ಎರಡು ದಂಡೆ ಹೇಗಿತ್ತೆಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಕಾಂಡ್ಲಾ ಗಿಡಗಳ ನಡುವೆ ಬೆಳ್ಳಕ್ಕಿಗಳಿದ್ದವು ಎಂದು ಉಳಿದವರು ಹೇಳುತ್ತಾರೆ.

ಮುಂಬ್ರಾದ ಹತ್ತಿರ ಬಂದಾಗ ದಂಡೆಯ ಮೇಲೆ ಒಂದು ಲೋಕಲ್ ಹೋಯಿತು. ಭಾನುವಾರವಾದರೂ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಮೂವತ್ತೊಂದು ವರ್ಷ ಆ ಕಿಟಕಿಯಿಂದ ಈ ನೀರನ್ನು ನೋಡಿದವರು ಈ ನೀರಿನಿಂದ ಆ ಕಿಟಕಿಯನ್ನು ನೋಡಿದರು. ಗಾಡಿ ಹೋಗಿ ಸದ್ದು ಅಡಗುವವರೆಗೂ ಅವರ ಕುತ್ತಿಗೆ ಅತ್ತಲೇ ತಿರುಗಿತ್ತು.

"ನಾವ ಹಿಂಗ ಕಾಣತಿದ್ವೇನ್ರಿ?" ಅಂದರು. ಮತ್ತೆ, "ನಾಳಿಂದ ನನ್ನ ಪಾಳಿ ಯಾರಿಗೆ ಕೊಡತೀರಿ?" ಅಂದರು. ನನಗೆ ಅವರ ಎದೆಯ ಸ್ಪ್ರಿಂಗಿನ ಬಗ್ಗೆ ಇದ್ದ ಭಯಕ್ಕೆ ಆಗ ಇನ್ನೊಂದು ಭಯ ಸೇರಿಕೊಂಡಿತು, ಅದಕ್ಕೆ ಡಾಕ್ಟರ ಹತ್ತಿರವೂ ಮದ್ದಿಲ್ಲ.

ಆಮೇಲೆ ನಡೆದದ್ದು ಪೂರ್ತಿ ನನ್ನ ತಪ್ಪು. ಕಳವಾ ಸೇತುವೆ ಕಾಣಿಸಿತು. ಅದರ ಆಚೆಗೆ ಠಾಣೆಯ ಚೆಂದಣಿ ಕೋಳಿವಾಡೆ ಎಂಬ ಮೀನುಗಾರರ ಕೇರಿಯ ದಕ್ಕೆ, ಬಲೆ ಒಣಹಾಕಿದ ಕಟ್ಟೆ, ಮೆಟ್ಟಿಲು. ಯಾರೋ ಅಭ್ಯಾಸಬಲದಿಂದ "ಕಳವಾ ಬಂತು" ಅಂದರು. ಅಷ್ಟೇ. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಎದ್ದೆ, ಚೀಲವನ್ನು ಎದೆಗೇರಿಸಿದೆ, ಮುಂದಿದ್ದ ಕರ್ಕೇರನ ಬೆನ್ನು ತಟ್ಟಿ "ಠಾಣೆನಾ?" ಎಂದೂ ಕೇಳಿದೆ! ಅವನೂ ಎದ್ದ. ಅವನ ಹಿಂದೆ ಐದು ಜನ ಎದ್ದರು. ಎಲ್ಲರೂ ದಕ್ಕೆ ಇದ್ದ ಎಡಗಡೆಗೇ, ಒಬ್ಬರನ್ನೊಬ್ಬರು ತಳ್ಳಿಕೊಂಡು, ಗಾಡಿ ನಿಲ್ಲುವ ಮೊದಲೇ ಜಿಗಿಯಲು ತಯಾರಾಗಿ.

ದೋಣಿ ವಾಲಿತು. ಖಾಡಿಯ ಕಪ್ಪು ನೀರು ಅಂಚು ದಾಟಿ ಒಳಗೆ ಬಂತು. ಊಟದ ಡಬ್ಬಿಗಳು ಜಾರಿದವು, ಯಾರದೋ ಚಪ್ಪಲಿ ತೇಲಿತು, ನನ್ನ ಅಂಗಿಯ ಜೇಬಿನಿಂದ ಮೊಬೈಲ್ ಹಾರಿ ನೀರಿಗೆ ಬಿತ್ತು. ನಾನಾ ಮರಾಠಿಯಲ್ಲಿ ಏನೇನೋ ಬೈಯುತ್ತಿದ್ದ. ಜಲಗಂಡ, ಕೆಂಪು ಶಾಯಿ, ಅಮ್ಮ "ಇದ್ದೀಯೇನೋ?" ಅಂದದ್ದು, ಎಲ್ಲವೂ ಒಟ್ಟಿಗೆ ನೆನಪಾಯಿತು. ಅದಕ್ಕಿಂತ ಜೋರಾಗಿ, ಗೇಟಿನಲ್ಲಿ ನಿಂತ ಶಕುಂತಲಾಬಾಯಿಗೆ ಏನು ಹೇಳಲಿ ಎಂಬುದು.

"ಕೂಡ್ರಿ!"

ಏಳು ಐವತ್ತಮೂರರಲ್ಲಿ ಕೇಳುತ್ತಿದ್ದ ಅದೇ ದನಿ. ಏಳೂ ಜನ ಎಲ್ಲಿದ್ದೆವೋ ಅಲ್ಲೇ ನೀರಿನಲ್ಲೇ ಕುಕ್ಕರಿಸಿದೆವು. ದೋಣಿ ಎರಡು ಸಲ ಹೊಯ್ದಾಡಿ ನೆಟ್ಟಗಾಯಿತು. ಇನಾಮದಾರರೊಬ್ಬರೇ ಕೂತಲ್ಲಿಂದ ಏಳದೆ ಇದ್ದವರು.

"ಯಾರ ಪಾಳಿ ಅಂತ ನಾ ಹೇಳತೀನಿ. ಮೊದಲ ಅವಾ ಹಗ್ಗಾ ಕಟ್ಟಲಿ."

ನಾನಾ ಹಗ್ಗಕ್ಕಾಗಿ ಕೈಚಾಚಿದ. ಕುಕ್ಕರಿಸುವಾಗ ನಾನು ಮತ್ತೆ ಅದರ ಕೊನೆಯನ್ನೇ ಹಿಡಿದುಕೊಂಡಿದ್ದೆ, ಮುಷ್ಟಿ ಬಿಚ್ಚಲೊಲ್ಲದು. ಎರಡು ಸಲ ಎಳೆದು ನೋಡಿ, ಕೊನೆಗೆ ಬೇಸತ್ತು, ಚಾಕು ತೆಗೆದು ನನ್ನ ಮುಷ್ಟಿಯ ಮೇಲೆ ಹಗ್ಗವನ್ನು ಕೊಯ್ದು, ಉಳಿದದ್ದನ್ನು ದಕ್ಕೆಯ ಗೂಟಕ್ಕೆ ಬಿಗಿದ. ಆಮೇಲೆ ಇನಾಮದಾರರು ಒಬ್ಬೊಬ್ಬರ ಹೆಸರು ಕರೆದು ಇಳಿಸಿದರು. ಎಲ್ಲರ ಕೊನೆಗೆ ತಾವು ಎದ್ದು, ನಾನಾನ ಭುಜ ಹಿಡಿದು ಮೆಟ್ಟಿಲಿಗೆ ಕಾಲಿಟ್ಟರು. ಅವರ ಪ್ಯಾಂಟಿನ ಮಡಿಕೆ ಕೂಡ ಒದ್ದೆಯಾಗಿರಲಿಲ್ಲ.

ಕೋಳಿವಾಡೆಯ ಓಣಿ ದಾಟಿ, ಸ್ಟೇಷನ್ ಹಾದು ತಳಾವ್ ಪಾಳಿಗೆ ನಡೆದೆವು. ದಂಡೆಯ ಕಟ್ಟೆಯಲ್ಲಿ ಬಟ್ಟೆ ಒಣಗಿಸಿಕೊಳ್ಳುತ್ತ, ಒದ್ದೆಯಾಗದೆ ಉಳಿದ ಜೋಳದ ರೊಟ್ಟಿ ಶೇಂಗಾ ಚಟ್ನಿ ತಿಂದೆವು. ಕೆರೆಯಲ್ಲಿ ಮಕ್ಕಳು ಪೆಡಲ್ ದೋಣಿ ತುಳಿಯುತ್ತಿದ್ದರು. ಕರ್ಕೇರ ಅದರ ಕಡೆ ಬೆನ್ನು ಹಾಕಿ ಕೂತ. ಅವನ ಫೋನಿನಿಂದ ನಾನು ಶಕುಂತಲಾಬಾಯಿಗೆ ಸುದ್ದಿ ಹೇಳಿದೆ. ದೋಣಿ ವಾಲಿದ್ದು ಬಿಟ್ಟು ಉಳಿದದ್ದೆಲ್ಲ ಹೇಳಿದೆ. "ಆರಕ್ಕ" ಅಂದರು ಆಕೆ.

ಐದರ ಸುಮಾರಿಗೆ ಕಲ್ಯಾಣದ ಗಾಡಿ ಹಿಡಿದೆವು. ಭಾನುವಾರ, ಎಂಟು ಜನಕ್ಕೂ ಸೀಟು ಸಿಕ್ಕಿತು, ಪಾಳಿಯ ಕೆಲಸವೇ ಇರಲಿಲ್ಲ. ನನಗೆ ಎದೆ ಹಗುರಾಯಿತು. ಇನ್ನೇನು, ಅರ್ಧ ಗಂಟೆ. ದಿವಾ ಬಂತು. ಏಳು ಜನ ಎದ್ದೆವು. ಇನಾಮದಾರರು ಕೂತೇ ಇದ್ದರು.

"ಏಳ್ತೀರಾ? ದಿವಾ ಬಂತು" ಅಂದೆ.

"ಗಾಡಿ ನಿಂದರಲಿ."

"ನಿಂತ ಮೇಲೆ ಇಳಿಯೋಕೆ ಬಿಡಲ್ಲ ಜನ, ಗೊತ್ತಲ್ಲ ನಿಮಗೆ!"

"ನಿಂದರಲಿ ಅಂದೆ."

ಡೊಂಬಿವಲಿ ಬಂತು. ಉಳಿದವರು ಅಭ್ಯಾಸದಂತೆ ಗಾಡಿ ನಿಲ್ಲುವ ಮೊದಲೇ ಜಿಗಿದರು. ನಾನು ಒಂದು ಕಾಲು ಬಾಗಿಲಲ್ಲಿಟ್ಟು ತಿರುಗಿ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಅಲ್ಲೇ ಕೂತಿದ್ದರು. ಎದೆ ಹಿಡಿದುಕೊಂಡಿದ್ದಾರೆಯೇ? ಇಲ್ಲ, ಎರಡೂ ಕೈ ಮಂಡಿಯ ಮೇಲಿತ್ತು. ಹತ್ತುವವರ ಅಲೆ ನುಗ್ಗಿತು. "ಉತರನಾ ಹೈ ಕೀ ನಹೀಂ?" ಇಳಿಯುವುದಿದೆಯೋ ಇಲ್ಲವೋ ಎಂದು ಯಾರೋ ನನ್ನ ಮೇಲೆ ಒದರಿದರು. ನಾನು ಇಳಿಯಲಿಲ್ಲ. ಧೈರ್ಯವಾಗಲಿಲ್ಲ ಅಂದರೆ ಸರಿಯಾದೀತು. ಗಾಡಿ ಹೊರಟಿತು. ನನ್ನ ಫೋನು ಖಾಡಿಯ ತಳದಲ್ಲಿ, ಕರ್ಕೇರನ ಫೋನು ಕರ್ಕೇರನ ಜೊತೆ ಪ್ಲಾಟ್‌ಫಾರ್ಮಿನಲ್ಲಿ, ಆರಕ್ಕೆ ಗೇಟಿನಲ್ಲಿ ನಿಲ್ಲುವವರು ನಿಂತೇ ಇರುತ್ತಾರೆ.

ನಾನು ಅವರ ಎದುರಿಗೆ ಹೋಗಿ ಕೂತೆ. "ಏನಾಯ್ತು? ನೋವಾ? ಗುಳಿಗೆ ಎಲ್ಲಿ?"

"ಏನೂ ಆಗಿಲ್ಲ. ಮೂವತ್ತೊಂದ ವರ್ಷ ಆತ್ರಿ, ನಿಂತ ಗಾಡ್ಯಾಗಿಂದ ನಾ ಒಮ್ಮೆನೂ ಇಳದಿಲ್ಲ. ಇವತ್ತ ಪೂರಾ ನಿಂದರಲಿ, ಆಮ್ಯಾಲ ಇಳಿಯೂಣು." ಕಿಟಕಿಯ ಕಡೆಯೇ ಮುಖವಿಟ್ಟು, "ಇಳದ ಮ್ಯಾಲ ಏನ ಮಾಡೂದು ಅನ್ನೂದ ತಿಳೀವಲ್ದು, ಮೈಸೂರಪ್ಪಾ" ಅಂದರು.

ಠಾಕುರ್ಲಿ ಹೋಯಿತು. ಕಲ್ಯಾಣ ಬಂತು, ಅದು ಆ ಗಾಡಿಯ ಕೊನೆಯ ನಿಲ್ದಾಣ. ಡಬ್ಬಿಯಲ್ಲಿದ್ದವರೆಲ್ಲ ಸುರಿದುಹೋದರು. ಫ್ಯಾನುಗಳು ನಿಧಾನವಾಗಿ ನಿಂತವು. ಹೊರಗೆ ಗಲಾಟೆ, ಒಳಗೆ ನಾವಿಬ್ಬರೇ. ಅವರು ಐದು ನಿಮಿಷ ಹಾಗೇ ಕೂತಿದ್ದರು. ನನ್ನ ಕಾಲು ಎರಡು ಸಲ ತಾನಾಗಿ ಏಳಲು ಹೋಯಿತು, ಎರಡು ಸಲವೂ ನಾನು ಅದನ್ನು ಕೈಯಿಂದ ಒತ್ತಿ ಹಿಡಿದೆ. ಜೇಬಿನಲ್ಲಿ ಆ ಹಗ್ಗದ ತುಂಡಿತ್ತು.

ಕೊನೆಗೆ ಅವರೇ ಎದ್ದರು. ಸೀಟಿನ ಮರದ ಪಟ್ಟಿಯ ಮೇಲೆ ಒಮ್ಮೆ ಅಂಗೈ ಆಡಿಸಿದರು. ಬಾಗಿಲ ಕಂಬಿ ಹಿಡಿದು, ಮೊದಲು ಬಲಗಾಲು, ಆಮೇಲೆ ಎಡಗಾಲು ಊರಿ, ನಿಂತ ಗಾಡಿಯಿಂದ ಇಳಿದರು. "ನಡೀರಿ. ಆಕಿ ನಿಂತಿರ್ತಾಳ" ಅಂದರು.

ಹಿಂದಿರುಗುವ ಗಾಡಿ ಹಿಡಿದು ಬಂದಾಗ ಆರೂ ನಲವತ್ತು. ಶಕುಂತಲಾಬಾಯಿ ಗೇಟಿನಲ್ಲೇ ಇದ್ದರು, ಕಾಲು ನೋವಿಗೆ ಒಂದು ಕೈ ಗೋಡೆಗೆ ಆನಿಸಿಕೊಂಡು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಕೆಸರು ಮೆತ್ತಿಕೊಂಡಿದ್ದ ನನ್ನನ್ನು ನೋಡಿದರು.

"ತಪ್ಪಾಯ್ತಮ್ಮಾ" ಅಂದೆ. "ಇವರು ಡೊಂಬಿವಲಿಯಲ್ಲಿ ಇಳಿಯಲಿಲ್ಲ, ಕಲ್ಯಾಣಕ್ಕೆ ಹೋಗಿಬಿಟ್ರು. ಉಳಿದವರೆಲ್ಲ ಇಳಿದರು. ನನಗೆ ಬಿಟ್ಟು ಇಳಿಯೋಕೆ ಭಯ ಆಯ್ತು."

ಆಕೆಯ ಕಣ್ಣು ತುಂಬಿತ್ತು. "ಅದಕ್ಕ ನಿಮಗ ಹೇಳಿದ್ದು" ಅಂದರು.

ಡ್ರಾಯರಿನ ಹಗ್ಗವನ್ನು ಈಗ ಮನೆಗೆ ತಂದಿಟ್ಟುಕೊಂಡಿದ್ದೇನೆ. ನನಗೆ ಇನ್ನು ನಾಲ್ಕೇ ತಿಂಗಳು. ಏಳು ಐವತ್ತಮೂರರಲ್ಲಿ ಈಗ ಬೇರೆ ಬೇರೆ ಹುಡುಗರಿದ್ದಾರೆ, ಎಲ್ಲರೂ ಕಿವಿಗೆ ತಂತಿ ಸಿಕ್ಕಿಸಿಕೊಂಡ ಧೈರ್ಯವಂತರೇ. ಅವರಲ್ಲಿ ಅಂಜುಬುರುಕ ಯಾರು ಎಂದು ನಾನು ದಿನಾ ಬೆಳಿಗ್ಗೆ ಒಬ್ಬೊಬ್ಬರ ಮುಖ ನೋಡುತ್ತಿದ್ದೇನೆ.